ಮಾದರಿ ರಾಕೆಟ್ಟಿನಲ್ಲಿ ಮೋಟಾರ್ ಕೂರಿಸುವ ಕೆಲಸ

ಇಂದಿನ ಮಾತಿಗೆ ನಾನು ಆರಿಸಿಕೊಂಡಿರುವ ವಿಷಯ ಬಹಳ ಕಿರಿದು. ರಾಕೆಟ್ಟಿನ ಹಿಂತುದಿಯಲ್ಲಿ ಬೆರಳುದ್ದದ ಒಂದು ಜಾಗವಿದೆ. ಆ ಜಾಗದಲ್ಲಿ ಮೋಟಾರ್ ಹೇಗೆ ಕೂರಬೇಕು, ಯಾವುದು ಅದನ್ನು ಹಿಡಿದಿರಬೇಕು, ಎಷ್ಟು ಬಿಗಿಯಾಗಿ ಹಿಡಿದಿರಬೇಕು ಎಂಬಷ್ಟನ್ನೇ ಈ ಹೊತ್ತು ನೋಡೋಣ. ರೆಕ್ಕೆಗಳನ್ನು ಉಜ್ಜಿ ನಯಗೊಳಿಸಲು, ಬಣ್ಣದ ಮೇಲೆ ಬಣ್ಣ ಬಳಿಯಲು ಸಂಜೆಗಟ್ಟಲೆ ಕೂರುವ ನಾವು ಈ ಜಾಗಕ್ಕೆ ಕಾಲು ಗಂಟೆಯನ್ನೂ ಕೊಡುವುದಿಲ್ಲ. ಹಾರಾಟಗಳು ಕೆಡುವುದು ಮಾತ್ರ ಹೆಚ್ಚಾಗಿ ಇಲ್ಲಿಯೇ.

ನಾನು ಈ ಪಾಠವನ್ನು ಕಲಿತದ್ದು ನನ್ನ ಮೂರನೆಯ ರಾಕೆಟ್ಟಿನಿಂದ. ಅದು ನೆಟ್ಟಗೆ ಏರಿತು, ತುದಿ ಮುಟ್ಟಿ ಬಾಗಿತು, ಮೂತಿಯನ್ನು ಕಳಚಿ ಪ್ಯಾರಾಚೂಟನ್ನು ಹೊರದೂಡಬೇಕಾದ ಒಳಗಿನ ಮದ್ದು ಸಿಡಿದ ಸದ್ದೂ ಕೇಳಿಸಿತು. ಪ್ಯಾರಾಚೂಟ್ ಮಾತ್ರ ಹೊರಗೆ ಬರಲಿಲ್ಲ. ಬದಲಿಗೆ ಹಿಂದಿನಿಂದ ಖಾಲಿ ಮೋಟಾರ್ ಕಳಚಿಕೊಂಡು ಬೇರೆಯಾಗಿ ಬಿತ್ತು. ರಾಕೆಟ್ ಮೂತಿ ಕೆಳಗಾಗಿ ಬಂದು ನೆಲದಲ್ಲಿ ನಾಟಿಕೊಂಡಿತು. ಅದನ್ನು ಕಿತ್ತು ನೋಡಿದಾಗ ಮೂತಿ ಇನ್ನೂ ಬಿಗಿಯಾಗಿಯೇ ಇತ್ತು. ಮೋಟಾರಿನಲ್ಲಿ ದೋಷವಿರಲಿಲ್ಲ, ಮದ್ದಿನಲ್ಲಿಯೂ ಇರಲಿಲ್ಲ. ಒಳಗೆ ತುಂಬಿದ ಅನಿಲ ಹೊರಬರಲು ದಾರಿ ಹುಡುಕಿತ್ತು, ಎರಡು ಬಾಗಿಲುಗಳಲ್ಲಿ ಸಡಿಲವಾಗಿದ್ದದ್ದನ್ನು ತೆರೆದಿತ್ತು, ಅಷ್ಟೆ.

ಈ ಪ್ರಶ್ನೆ ಹುಟ್ಟಿದ್ದಾದರೂ ಹೇಗೆ ಎಂಬುದನ್ನು ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 1950ರ ದಶಕದಲ್ಲಿ ರಾಕೆಟ್ಟಿನ ಹುಚ್ಚು ಹಿಡಿದ ಹುಡುಗರು ಮನೆಯಲ್ಲಿಯೇ ಇಂಧನ ಬೆರೆಸಿ, ಲೋಹದ ಕೊಳವೆಗೆ ತುಂಬಿ ಹೊತ್ತಿಸಿ ಗಾಯಗೊಳ್ಳುತ್ತಿದ್ದರು. ಅಮೆರಿಕದ ನೆಬ್ರಾಸ್ಕ ರಾಜ್ಯದ ನಾರ್ಫೋಕ್ ಊರಿನಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡಿದ್ದ ಆರ್ವಿಲ್ ಕಾರ್ಲೈಲ್ ತಮ್ಮ ಸಹೋದರ ರಾಬರ್ಟ್ ಜೊತೆಗೂಡಿ 1954ರಲ್ಲಿ ಬೇರೊಂದು ದಾರಿ ಕಂಡುಕೊಂಡರು. ಕಾಗದದ ಹಗುರ ರಾಕೆಟ್, ಅದರೊಳಗೆ ಮೊದಲೇ ತಯಾರಾಗಿ ಬಂದ ಮೋಟಾರ್, ಹಾರಾಟ ಮುಗಿದ ಮೇಲೆ ಹಳೆಯದನ್ನು ತೆಗೆದು ಹೊಸದನ್ನು ಹಾಕಿ ಮತ್ತೆ ಹಾರಿಸುವ ಏರ್ಪಾಡು. 1957ರಲ್ಲಿ ಅವರು ತಮ್ಮ ಮಾದರಿಗಳನ್ನು ಕ್ಷಿಪಣಿ ಎಂಜಿನಿಯರ್ ಹ್ಯಾರಿ ಸ್ಟೈನ್ ಅವರಿಗೆ ಕಳಿಸಿದರು, ಹವ್ಯಾಸ ಅಲ್ಲಿಂದ ಹರಡಿತು. ನಮ್ಮ ವಿಷಯಕ್ಕೆ ಬೇಕಾದ ಮಾತು ಇಷ್ಟು: ಮೋಟಾರ್ ಬದಲಿಸುವಂಥದ್ದಾದ ದಿನವೇ ಅದನ್ನು ಕೂರಿಸುವುದು ಒಂದು ಬೇರೆ ವಿದ್ಯೆಯಾಯಿತು. ಶಾಶ್ವತವಾಗಿ ಅಂಟಿಸಿಬಿಡುವುದಾದರೆ ಯೋಚಿಸುವುದಕ್ಕೆ ಏನೂ ಇರಲಿಲ್ಲ. ಹಾರುವಾಗ ಕದಲದಂತೆ ಹಿಡಿಯಬೇಕು, ಹಾರಿ ಬಂದ ಮೇಲೆ ನಮ್ಮ ಕೈಗೆ ಬಿಟ್ಟುಕೊಡಬೇಕು ಎಂದಾಗಲೇ ತೊಡಕು ಶುರುವಾದದ್ದು.

ಸಾಮಾನ್ಯವಾದ ಕಪ್ಪುಮದ್ದಿನ ಮೋಟಾರೊಂದನ್ನು ಉದ್ದಕ್ಕೆ ಸೀಳಿದಂತೆ ಕಲ್ಪಿಸಿಕೊಳ್ಳಿ. ಸುತ್ತ ಗಟ್ಟಿ ಕಾಗದದ ಕವಚ. ಹಿಂದೆ ಜೇಡಿಮಣ್ಣಿನ ನಾಝಲ್, ಅಂದರೆ ಉರಿದ ಅನಿಲ ಹೊರಚಿಮ್ಮುವ ಕಿರುಬಾಯಿ. ಅದರ ಮುಂದೆ ಒತ್ತಿ ತುಂಬಿದ ಇಂಧನ, ಅದರಾಚೆ ನಿಧಾನವಾಗಿ ಉರಿದು ಹೊಗೆ ಬಿಡುವ ವಿಳಂಬ ಮದ್ದು, ಕೊನೆಗೆ ಸಡಿಲ ಪುಡಿಯಾಗಿರುವ ಹೊರದೂಡುವ ಮದ್ದು, ಅದನ್ನು ಮುಚ್ಚಿದ ತೆಳ್ಳನೆಯ ಮಣ್ಣಿನ ಬಿಲ್ಲೆ. ಹೊತ್ತಿಕೊಂಡ ಮೋಟಾರ್ ಒಂದೆರಡು ಸೆಕೆಂಡು ಮುಂದಕ್ಕೆ ನೂಕುತ್ತದೆ; ಆಗ ಅದಕ್ಕೆ ರಾಕೆಟ್ಟಿನ ಒಳಹೊಕ್ಕು ಮೂತಿಯತ್ತ ಓಡುವ ಆಸೆ. ಆಮೇಲೆ ಕೆಲವು ಸೆಕೆಂಡು ಸುಮ್ಮನಿರುತ್ತದೆ. ಕೊನೆಗೆ ಮುಂತುದಿಯಿಂದ ಅನಿಲವನ್ನು ಒಮ್ಮೆಲೇ ಉಗುಳುತ್ತದೆ. ಆಗ ಅದಕ್ಕೆ ಹಿಂದಕ್ಕೆ ಜಿಗಿದು ಹೊರಬೀಳುವ ಆಸೆ. ಒಂದೇ ಹಾರಾಟದಲ್ಲಿ ಮೋಟಾರ್ ಎರಡು ಎದುರು ದಿಕ್ಕುಗಳಿಗೆ ತಳ್ಳುತ್ತದೆ ಎಂಬ ಈ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಮುಂದಕ್ಕೆ ಓಡುವುದನ್ನು ತಡೆಯುವುದು ಮೋಟಾರ್ ಕೊಳವೆಯೊಳಗೆ ಅಂಟಿಸುವ ಒಂದು ಚಿಕ್ಕ ದಪ್ಪ ಕಾಗದದ ಬಳೆ. ಅದನ್ನು ತಡೆಬಳೆ ಎಂದು ಕರೆಯೋಣ. ನಡುವೆ ತೂತಿರುವುದರಿಂದ ಹೊರದೂಡುವ ಅನಿಲ ಅದರ ಮೂಲಕ ಹಾದುಹೋಗುತ್ತದೆ. ಅಂಚು ಮಾತ್ರ ಮೋಟಾರಿನ ಕವಚಕ್ಕೆ ತಾಗಿ ನೂಕುಬಲವನ್ನು ಹೊರುತ್ತದೆ. 18 ಮಿಲಿಮೀಟರ್ ವ್ಯಾಸ, 70 ಮಿಲಿಮೀಟರ್ ಉದ್ದದ ಸಾಮಾನ್ಯ ಮೋಟಾರಿಗೆ ತಡೆಬಳೆಯ ಹಿಂದಂಚು ಕೊಳವೆಯ ಹಿಂತುದಿಯಿಂದ ಸುಮಾರು 64 ಮಿಲಿಮೀಟರ್ ಒಳಗೆ ಇರಬೇಕು. ಆಗ ಮೋಟಾರ್ 6 ಮಿಲಿಮೀಟರಿನಷ್ಟು ಹೊರಗೆ ಚಾಚಿಕೊಂಡು, ತೆಗೆಯುವಾಗ ಬೆರಳಿಗೆ ಸಿಗುತ್ತದೆ.

ಬಳೆ ಅಂಟಿಸುವುದು ಕೇಳಲು ಸುಲಭ. ಹೊಸಬರು ಎಡವುವುದು ಇಲ್ಲಿಯೇ. ಬಿಳಿ ಅಂಟನ್ನು ಬಳೆಯ ಹೊರಮೈಗೆ ಸವರಿ ಕೊಳವೆಯೊಳಗೆ ತಳ್ಳಿದರೆ ಎರಡು ತೊಂದರೆಗಳಾಗುತ್ತವೆ. ಕಾಗದ ಅಂಟಿನ ನೀರನ್ನು ಕುಡಿದು ಉಬ್ಬಿ, ಬಳೆ ಅರ್ಧ ದಾರಿಯಲ್ಲಿಯೇ ಕಚ್ಚಿಕೊಂಡು ನಿಂತುಬಿಡುತ್ತದೆ. ಜೊತೆಗೆ, ದಾರಿಯುದ್ದಕ್ಕೂ ಮೆತ್ತಿಕೊಂಡ ಅಂಟು ಒಣಗಿ, ಮುಂದೆ ಮೋಟಾರ್ ಕೂರಬೇಕಾದ ಜಾಗವನ್ನೇ ಉಬ್ಬುತಗ್ಗಾಗಿಸುತ್ತದೆ. ಆದ್ದರಿಂದ ಅಂಟನ್ನು ಬಳೆಗೆ ಹಚ್ಚದೆ, ಒಂದು ಕಡ್ಡಿಯ ತುದಿಯಿಂದ ಕೊಳವೆಯ ಒಳಗೆ, ಬಳೆ ನಿಲ್ಲಬೇಕಾದ ಸ್ಥಳದಲ್ಲಿ, ಸುತ್ತ ಒಂದು ಗೆರೆಯಂತೆ ಹಚ್ಚಬೇಕು. ಉರಿದು ಮುಗಿದ ಹಳೆಯ ಮೋಟಾರಿನ ಮೇಲೆ 64 ಮಿಲಿಮೀಟರಿಗೆ ಗುರುತು ಹಾಕಿ, ಅದರಿಂದ ಬಳೆಯನ್ನು ನಡುವೆ ಎಲ್ಲಿಯೂ ನಿಲ್ಲಿಸದೆ ಒಂದೇ ತಳ್ಳಿಗೆ ಗುರುತಿನವರೆಗೆ ಒಯ್ದು, ಮರುಕ್ಷಣವೇ ಮೋಟಾರನ್ನು ಹೊರಗೆಳೆದುಕೊಳ್ಳಬೇಕು. ಬಿಸಿ ಮಾಡಿ ಕರಗಿಸುವ ಪ್ಲಾಸ್ಟಿಕ್ ಅಂಟನ್ನು ಇಲ್ಲಿ ಎಂದಿಗೂ ಬಳಸಬೇಡಿ. ಇಂಧನ ಉರಿದು ಮುಗಿದ ಮೇಲೆಯೂ ಒಳಗಿನ ಶಾಖ ನಿಧಾನವಾಗಿ ಕವಚದ ಹೊರಮೈಗೆ ಹರಿದು ಬರುತ್ತದೆ. ಆ ಶಾಖಕ್ಕೆ ಆ ಅಂಟು ಮೆತ್ತಗಾಗಿ ಜೋಡಣೆಯೇ ಜಾರಬಹುದು.

ತಡೆಬಳೆ ಹೊತ್ತ ಬಲ ಅಲ್ಲಿಗೇ ನಿಲ್ಲುವುದಿಲ್ಲ. ಬಳೆಯಿಂದ ಮೋಟಾರ್ ಕೊಳವೆಗೆ, ಕೊಳವೆಯಿಂದ ಅದನ್ನು ನಡುವೆ ಹಿಡಿದಿರುವ ಮಧ್ಯಬಳೆಗಳಿಗೆ, ಅವುಗಳಿಂದ ರಾಕೆಟ್ಟಿನ ಮೈಗೆ ಅದು ಸಾಗಬೇಕು. ಸಿ6 ಎಂಬ ಮೋಟಾರಿನ ಸರಾಸರಿ ನೂಕುಬಲ ಹೆಸರಿನ ಪ್ರಕಾರ 6 ನ್ಯೂಟನ್ ಆದರೂ ಹೊತ್ತಿಕೊಂಡ ಮೊದಲ ಕ್ಷಣಗಳಲ್ಲಿ ಅದು ಸುಮಾರು 14 ನ್ಯೂಟನ್ ಮುಟ್ಟುತ್ತದೆ. ಅದಕ್ಕಿಂತ ದೊಡ್ಡದಾದ ಡಿ12 ಮೋಟಾರಿನದು 30ರ ಹತ್ತಿರ ಹೋಗುತ್ತದೆ. ಅಂದರೆ ಈ ಜೋಡಣೆಗಳ ನಿಜವಾದ ಪರೀಕ್ಷೆ ಹಾರಾಟದ ಮೊದಲ ಅರ್ಧ ಸೆಕೆಂಡಿನಲ್ಲೇ ನಡೆದುಹೋಗುತ್ತದೆ. ಒಂದು ಕಡೆ ಅಂಟು ಬಿಟ್ಟುಹೋದರೂ ಮೋಟಾರ್ ಒಳಗೆ ನುಗ್ಗಿ, ಪ್ಯಾರಾಚೂಟನ್ನೂ ಮೂತಿಯನ್ನೂ ತಳ್ಳಿಕೊಂಡು ಹೊರಟುಬಿಡುತ್ತದೆ. ಮಧ್ಯಬಳೆಗಳ ಎರಡೂ ಪಕ್ಕಗಳಲ್ಲಿ, ಬಳೆ ಮತ್ತು ಕೊಳವೆ ಕೂಡುವ ಮೂಲೆಯಲ್ಲಿ, ಅಂಟಿನ ಒಂದು ಸಣ್ಣ ಏರಿ ಕಟ್ಟಬೇಕು. ದೊಡ್ಡ ಮೋಟಾರುಗಳಿಗಾದರೆ ಅದು ಎಪಾಕ್ಸಿಯ, ಅಂದರೆ ಎರಡು ಭಾಗ ಬೆರೆಸಿ ಹಚ್ಚುವ ಗಟ್ಟಿ ಅಂಟಿನ, ಏರಿಯಾಗಿರಲಿ.

ಇದೇ ಹಂತದಲ್ಲಿ ಮೋಟಾರ್ ಕೊಳವೆ ರಾಕೆಟ್ಟಿನ ಅಕ್ಷಕ್ಕೆ ನೇರವಾಗಿದೆಯೇ ಎಂದೂ ನೋಡಿಕೊಳ್ಳಬೇಕು. ಕೊಳವೆ ಒಂದು ಡಿಗ್ರಿ ಓರೆಯಾಗಿದೆ ಎಂದುಕೊಳ್ಳೋಣ. 10 ನ್ಯೂಟನ್ ನೂಕುಬಲದಲ್ಲಿ ಸುಮಾರು 0.17 ನ್ಯೂಟನ್ ಪಕ್ಕಕ್ಕೆ ತಿರುಗುತ್ತದೆ; ಗುರುತ್ವ ಕೇಂದ್ರ 20 ಸೆಂಟಿಮೀಟರ್ ಮುಂದಿದ್ದರೆ ಅದು 0.035 ನ್ಯೂಟನ್ ಮೀಟರಿನ ತಿರುಚಾಗಿ ರಾಕೆಟ್ಟನ್ನು ಬಾಗಿಸುತ್ತದೆ. ವೇಗ ಬಂದ ಮೇಲೆ ರೆಕ್ಕೆಗಳು ಇದನ್ನು ತಿದ್ದಬಲ್ಲವು. ಆದರೆ ಏರುವ ಮೊದಲಲ್ಲಿ ದಾರಿ ತೋರಿಸುವ ಉಡಾವಣೆಯ ಸಲಾಕೆಯನ್ನು ಬಿಟ್ಟ ಕ್ಷಣದಲ್ಲಿ, ರೆಕ್ಕೆಗಳಿಗೆ ಇನ್ನೂ ಗಾಳಿಯ ಹಿಡಿತ ಸಾಲದಿರುವಾಗ, ಇಷ್ಟೇ ಓರೆ ಸಾಕು ಹಾರಾಟದ ದಿಕ್ಕು ತಪ್ಪಲು. ಕೊಳವೆಯನ್ನು ಒಳಗೆ ಜಾರಿಸಿದ ಮೇಲೆ ಅಂಟು ಹಸಿಯಿರುವಾಗಲೇ ಹಿಂದಿನಿಂದ ಕಣ್ಣಿಟ್ಟು ನೋಡಿ. ಸುತ್ತಲಿನ ಸಂದು ಎಲ್ಲ ಕಡೆ ಒಂದೇ ಅಗಲವಾಗಿ ಕಾಣಬೇಕು.

ಮೋಟಾರನ್ನು ತೀರಾ ಒಳಗೆ ಕೂರಿಸುವ ತಪ್ಪನ್ನೂ ಇಲ್ಲಿಯೇ ಹೇಳಬೇಕು. ಹಿಂಭಾಗ ಚಂದ ಕಾಣಲಿ ಎಂದು ಕೆಲವರು ನಾಝಲನ್ನು ಮೈಕೊಳವೆಯ ಒಳಗೆ ಆಳದಲ್ಲಿ ಅಡಗಿಸುತ್ತಾರೆ. ಹಾಗೆ ಕೊಳವೆಯ ವ್ಯಾಸಕ್ಕಿಂತ ಹೆಚ್ಚು ಒಳಸೇರಿದರೆ ಹೊರಹರಿಯುವ ಅನಿಲ ಸುತ್ತಲಿನ ಗಾಳಿಯನ್ನು ಎಳೆದುಕೊಂಡು ಕೊಳವೆಯೊಳಗೆ ಒತ್ತಡವನ್ನು ಇಳಿಸುತ್ತದೆ, ನೂಕುಬಲ ಗಣನೀಯವಾಗಿ ಕುಗ್ಗುತ್ತದೆ. ಇದನ್ನು ಕ್ರುಶ್ನಿಕ್ ಪರಿಣಾಮ ಎನ್ನುತ್ತಾರೆ. ಕೊಳವೆಯ ಹಿಂಭಾಗ ಸುಟ್ಟುಹೋಗುವುದು ಬೇರೆ.

ಇನ್ನು ಹಿಂದಕ್ಕೆ ಜಿಗಿಯುವುದನ್ನು ತಡೆಯುವ ಮಾತು. ಇದಕ್ಕೆ ಬಳಕೆಯಲ್ಲಿರುವ ಅತಿ ಹಳೆಯ, ಅತಿ ಹಗುರ ಉಪಾಯವೆಂದರೆ ಮೋಟಾರಿಗೆ ಮಾಸ್ಕಿಂಗ್ ಟೇಪು ಸುತ್ತಿ ಘರ್ಷಣೆಯಿಂದಲೇ ಅದನ್ನು ಹಿಡಿಸುವುದು. ಹೊಸಬರಿಗೆ ಮೊದಲು ಕಲಿಸಬೇಕಾದದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಬಿಗಿ ಎಂದರೇನು ಎಂಬುದನ್ನು ಬೆರಳುಗಳಿಗೆ ಕಲಿಸುವುದು ಇದೊಂದೇ. ಮೋಟಾರಿಗೂ ಕೊಳವೆಗೂ ನಡುವೆ ಅರ್ಧ ಮಿಲಿಮೀಟರ್ ಸಡಿಲವಿದೆ ಎಂದುಕೊಳ್ಳಿ. 0.15 ಮಿಲಿಮೀಟರ್ ದಪ್ಪದ ಟೇಪಿನ ಒಂದು ಸುತ್ತು ವ್ಯಾಸವನ್ನು 0.3 ಮಿಲಿಮೀಟರಿನಷ್ಟು ಹೆಚ್ಚಿಸುತ್ತದೆ. ಒಂದು ಸುತ್ತಿಗೆ ಮೋಟಾರ್ ಜಾರುತ್ತದೆ, ಎರಡು ಸುತ್ತಿಗೆ ಒಳಗೇ ಹೋಗಲೊಲ್ಲದು ಎನ್ನುವಂತಾಗುತ್ತದೆ. ಆದ್ದರಿಂದ ಟೇಪನ್ನು ಸುತ್ತಿನ ಲೆಕ್ಕದಲ್ಲಿ ಅಲ್ಲ, ಕಾಲು ಸುತ್ತಿನ ಲೆಕ್ಕದಲ್ಲಿ ಸೇರಿಸುತ್ತ, ಪ್ರತಿ ಸಲವೂ ಒಳಗಿಟ್ಟು ನೋಡಬೇಕು. ಒಂದೇ ಪಟ್ಟಿ ಸುತ್ತಿದರೆ ಮೋಟಾರ್ ಅದರ ಮೇಲೆ ತಕ್ಕಡಿಯಂತೆ ಓಲಾಡುತ್ತದೆ. ಮುಂತುದಿಯ ಬಳಿ ಒಂದು, ಹಿಂತುದಿಯ ಬಳಿ ಒಂದು ಪಟ್ಟಿ ಬೇಕು. ನುಣುಪಾದ ಪ್ಲಾಸ್ಟಿಕ್ ಟೇಪು ಈ ಕೆಲಸಕ್ಕೆ ಬಾರದು. ಮಾಸ್ಕಿಂಗ್ ಟೇಪಿನ ಒರಟು ಕಾಗದವೇ ಹಿಡಿತ ಕೊಡುವುದು.

ಸರಿಯಾದ ಬಿಗಿ ಎಂದರೆ ಎಷ್ಟು? ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಾಗ ಮೋಟಾರ್ ನಿಧಾನವಾಗಿ, ಒಂದೇ ಬಗೆಯ ವಿರೋಧದೊಂದಿಗೆ ಒಳಹೋಗಿ ತಡೆಬಳೆಗೆ ತಾಗಿ ನಿಲ್ಲಬೇಕು. ರಾಕೆಟ್ಟನ್ನು ಹಿಡಿದು ಜೋರಾಗಿ ಕೆಳಗೆ ಝಾಡಿಸಿದರೂ ಕದಲಬಾರದು. ಹೊರಚಾಚಿದ ಅಂಚನ್ನು ಬೆರಳುಗಳಲ್ಲಿ ಹಿಡಿದು ತಿರುಚುತ್ತ ಎಳೆದರೆ ಮಾತ್ರ ಬರಬೇಕು. ಒತ್ತುವಾಗ ರಾಕೆಟ್ಟನ್ನು ಮೂತಿಯ ಬಳಿ ಹಿಡಿಯದೆ ಮೋಟಾರ್ ಇರುವ ಭಾಗವನ್ನೇ ಹಿಡಿಯಿರಿ. ಇಲ್ಲವಾದರೆ ತೆಳ್ಳನೆಯ ಮೈಕೊಳವೆ ನಡುವೆ ಮಡಿಸಿಹೋಗುತ್ತದೆ. ಮನೆಯಲ್ಲಿ ಸರಿಹೊಂದಿಸಿದ್ದನ್ನು ಮೈದಾನದಲ್ಲಿ ಮತ್ತೊಮ್ಮೆ ಪರೀಕ್ಷಿಸಲೇಬೇಕು, ಏಕೆಂದರೆ ಕಾಗದದ ಕೊಳವೆ ಗಾಳಿಯ ತೇವಕ್ಕೆ ಉಬ್ಬುತ್ತದೆ, ಒಣ ಬಿಸಿಲಿಗೆ ಕುಗ್ಗುತ್ತದೆ. ಮೋಟಾರ್ ಒಳಗೆ ಹೋಗದಿದ್ದರೆ ಕೊಳವೆಯ ಒಳಮೈಯನ್ನು ನುಣುಪು ಉಜ್ಜುಕಾಗದದಿಂದ ಉಜ್ಜಿಕೊಳ್ಳಬಹುದು. ಮೋಟಾರಿನ ಕವಚವನ್ನು ಮಾತ್ರ ಎಂದಿಗೂ ಉಜ್ಜಬಾರದು, ಸುಲಿಯಬಾರದು, ಕೊರೆಯಬಾರದು. ಒಳಗಿನ ಒತ್ತಡವನ್ನು ತಡೆದು ನಿಂತಿರುವುದು ಆ ಕಾಗದದ ದಪ್ಪವೇ.

ಆದರೆ ಮೋಟಾರಿನ ಬಿಗಿಯನ್ನು ಒಂಟಿಯಾಗಿ ಅಳೆಯುವಂತಿಲ್ಲ. ಅದು ಯಾವಾಗಲೂ ಮೂತಿಯ ಬಿಗಿಗೆ ಹೋಲಿಸಿ ಹೇಳಬೇಕಾದ ಮಾತು. ಒಳಗಿನ ಅನಿಲದ ಒತ್ತಡ ಎರಡರ ಮೇಲೂ ಬೀಳುತ್ತದೆ. 25 ಮಿಲಿಮೀಟರ್ ಮೈಕೊಳವೆಯಲ್ಲಿ 18 ಮಿಲಿಮೀಟರ್ ಮೋಟಾರ್ ಇದ್ದರೆ ಮೂತಿಯ ಬುಡದ ವಿಸ್ತೀರ್ಣ ಮೋಟಾರಿನದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟಿರುತ್ತದೆ, ಆದ್ದರಿಂದ ಅದರ ಮೇಲಿನ ತಳ್ಳೂ ಅಷ್ಟೇ ಹೆಚ್ಚು. ಮೈಕೊಳವೆಯೇ ಮೋಟಾರ್ ಕೊಳವೆಯೂ ಆಗಿರುವ ತೆಳ್ಳನೆಯ ರಾಕೆಟ್ಟಿನಲ್ಲಿ ಎರಡೂ ಕಡೆ ತಳ್ಳು ಸಮ. ಅಲ್ಲಿ ಯಾವುದು ಕಳಚಬೇಕು ಎಂಬುದನ್ನು ತೀರ್ಮಾನಿಸುವುದು ಸಂಪೂರ್ಣವಾಗಿ ನಮ್ಮ ಟೇಪು. ದಪ್ಪ ರಾಕೆಟ್ಟಿನಲ್ಲಿಯೂ ನಿಶ್ಚಿಂತೆಯಿಂದ ಇರುವಂತಿಲ್ಲ, ಏಕೆಂದರೆ ಅನಿಲದ ಮೊದಲ ಹೊಡೆತ ಇಕ್ಕಟ್ಟಾದ ಮೋಟಾರ್ ಕೊಳವೆಯಲ್ಲಿ ಆಗುತ್ತದೆ. ಅದು ವಿಶಾಲವಾದ ಮೈಯೊಳಗೆ ಹರಡಿ ಮೂತಿಯನ್ನು ತಲುಪುವ ಹೊತ್ತಿಗೆ ಮೋಟಾರ್ ಒದೆ ತಿಂದಾಗಿರುತ್ತದೆ. ನಾನು ಪಾಲಿಸುವ ಅಳತೆ ಇದು: ಮೂತಿಯನ್ನು ಹಿಡಿದು ರಾಕೆಟ್ಟನ್ನು ಎತ್ತಿದರೆ ಅದು ಕಳಚಿ ಬೀಳಬಾರದು, ಸ್ವಲ್ಪ ಅಲುಗಿಸಿದರೆ ಕಳಚಬೇಕು. ನನ್ನ ಮೂರನೆಯ ರಾಕೆಟ್ಟಿನಲ್ಲಿ ಮೂತಿಗೆ ಬಳಿದಿದ್ದ ಬಣ್ಣ ಅದರ ಬುಡಕ್ಕೂ ಹರಿದಿತ್ತು. ಮೂತಿ ಮೋಟಾರಿಗಿಂತ ಬಿಗಿಯಾಗಲು ಅಷ್ಟೇ ಸಾಕಾಯಿತು.

ಉಕ್ಕಿನ ಕೊಕ್ಕೆ ಇದ್ದರೆ ಟೇಪಿನ ತಾಪತ್ರಯ ಕಡಿಮೆ. ಎರಡೂ ತುದಿ ಮಡಿಸಿದ ಆ ಪಟ್ಟಿಯ ಮುಂತುದಿ ಕೊಳವೆಯ ಸೀಳಿನಲ್ಲಿ ಸಿಕ್ಕಿಕೊಂಡಿರುತ್ತದೆ, ಹಿಂತುದಿ ಮೋಟಾರಿನ ಅಂಚನ್ನು ಹಿಡಿಯುತ್ತದೆ. ಹಿಂತುದಿ ನಾಝಲಿನ ಬಾಯಿಗೆ ಅಡ್ಡ ಬರಬಾರದು, ಬೆರಳಿನಿಂದ ಎತ್ತಿದರೆ ತಾನಾಗಿ ಮರಳಿ ಕೂರಬೇಕು. ಹಲವು ಹಾರಾಟಗಳ ನಂತರ ಅದರ ಚಿಮ್ಮುಶಕ್ತಿ ಸೋತು ಹೊರಬಾಗುತ್ತದೆ. ಆಗ ಕೊಕ್ಕೆಯ ಮೇಲೆ ಒಂದು ಸುತ್ತು ಟೇಪು ಬಿಗಿದರೆ ಸಾಕು. ಕೆಲವು ಕಿಟ್ಟುಗಳಲ್ಲಿ ತಡೆಬಳೆಯನ್ನು ಬಿಟ್ಟು, ಕೊಕ್ಕೆಯ ಮುಂತುದಿಯೇ ನೂಕುಬಲವನ್ನೂ ಹೊರಲಿ ಎಂದು ಮಾಡಿರುತ್ತಾರೆ. ಚಿಕ್ಕ ಮೋಟಾರುಗಳಿಗೆ ಇದು ನಡೆಯುತ್ತದೆ. ಡಿ ವರ್ಗದ ಮೋಟಾರಿಗೆ ನಾನು ಇದನ್ನು ನಂಬುವುದಿಲ್ಲ, ಏಕೆಂದರೆ ಆ ಚೂಪು ಅಂಚು ಕಾಗದದ ಕೊಳವೆಯನ್ನು ಸೀಳಿಕೊಂಡು ಮುಂದೆ ಸರಿಯಬಲ್ಲದು. ಬಳೆಯ ತೂಕ ಒಂದು ಗ್ರಾಮಿನಷ್ಟೂ ಇಲ್ಲ, ಹಾಕಿಬಿಡಿ.

ಮೋಟಾರ್ ಬದಲಿಸಿದಾಗ ಏನಾಗುತ್ತದೆ ಎಂಬುದನ್ನು ನೋಡಲು ಅದರ ಹೆಸರನ್ನು ಓದಲು ಬರಬೇಕು. ಸಿ6-5 ಎಂಬುದರಲ್ಲಿ ಸಿ ಎಂದರೆ ಒಟ್ಟು ಆವೇಗ, ಅಂದರೆ ಸರಾಸರಿ ನೂಕುಬಲವನ್ನು ಉರಿಯುವ ಸಮಯದಿಂದ ಗುಣಿಸಿದ್ದು, 5ರಿಂದ 10 ನ್ಯೂಟನ್ ಸೆಕೆಂಡ್. ಪ್ರತಿ ಮುಂದಿನ ಅಕ್ಷರಕ್ಕೂ ಈ ಮಿತಿ ಇಮ್ಮಡಿಯಾಗುತ್ತದೆ. 6 ಎಂದರೆ ಸರಾಸರಿ ನೂಕುಬಲ, 5 ಎಂದರೆ ವಿಳಂಬದ ಸೆಕೆಂಡುಗಳು. ಕೊನೆಯಲ್ಲಿ ಸೊನ್ನೆ ಇದ್ದರೆ ಅದರಲ್ಲಿ ವಿಳಂಬವೂ ಇಲ್ಲ, ಹೊರದೂಡುವ ಮದ್ದೂ ಇಲ್ಲ. ಅದು ಹಲವು ಹಂತಗಳ ರಾಕೆಟ್ಟಿನ ಕೆಳಹಂತಕ್ಕೆ ಮಾಡಿದ ಮೋಟಾರ್. ಅದನ್ನು ಒಂಟಿ ರಾಕೆಟ್ಟಿಗೆ ಹಾಕಿದರೆ ಪ್ಯಾರಾಚೂಟ್ ಅರಳುವ ಮಾತೇ ಇಲ್ಲ. 24 ಮಿಲಿಮೀಟರ್ ಕೊಳವೆಯಲ್ಲಿ 18ರ ಮೋಟಾರನ್ನು ಕೂರಿಸಲು ಒಳಕೊಳವೆ ಸಿಗುತ್ತದೆ. 95 ಮಿಲಿಮೀಟರ್ ಉದ್ದದ ಮೋಟಾರಿಗೆ ಕಟ್ಟಿದ ಜಾಗದಲ್ಲಿ 70ರದನ್ನು ಹಾಕುವಾಗ ಮುಂದೆ 25 ಮಿಲಿಮೀಟರಿನ ಟೊಳ್ಳು ತುಂಡೊಂದನ್ನು ಇಡಬೇಕು. ಅದು ಟೊಳ್ಳಾಗಿರಲೇಬೇಕು, ಇಲ್ಲವಾದರೆ ಅನಿಲದ ದಾರಿಯೇ ಮುಚ್ಚಿಹೋಗುತ್ತದೆ. ವ್ಯಾಸ ಹೊಂದಿತು ಎಂದ ಮಾತ್ರಕ್ಕೆ ಮೋಟಾರ್ ಹೊಂದಿತು ಎಂದಲ್ಲ. ಭಾರದ ಮೋಟಾರ್ ಗುರುತ್ವ ಕೇಂದ್ರವನ್ನು ಹಿಂದಕ್ಕೆ ಎಳೆಯುತ್ತದೆ. ಆ ಕೇಂದ್ರ ಗಾಳಿಯ ಒತ್ತಡ ಕೇಂದ್ರಕ್ಕಿಂತ, ಅಂದರೆ ಗಾಳಿಯ ಬಲವೆಲ್ಲ ಕೂಡಿ ಬೀಳುವ ಬಿಂದುವಿಗಿಂತ, ಕನಿಷ್ಠ ಒಂದು ಮೈವ್ಯಾಸದಷ್ಟು ಮುಂದಿರಬೇಕು. ಆದ್ದರಿಂದ ಸಮತೋಲದ ಪರೀಕ್ಷೆಯನ್ನು ಖಾಲಿ ರಾಕೆಟ್ಟಿನಲ್ಲಿ ಮಾಡದೆ, ಹಾರಿಸಲಿರುವ ಅತಿ ಭಾರದ ಮೋಟಾರನ್ನು ಒಳಗಿಟ್ಟು, ಪ್ಯಾರಾಚೂಟನ್ನೂ ಮಡಿಸಿಟ್ಟೇ ಮಾಡಬೇಕು. ಎತ್ತಬಲ್ಲ ತೂಕಕ್ಕೂ ಮಿತಿಯಿದೆ: ಸಿ6-5ಕ್ಕೆ ತಯಾರಕರು ಹೇಳುವ ಗರಿಷ್ಠ 113 ಗ್ರಾಂ, ಡಿ12-5ಕ್ಕೆ 283 ಗ್ರಾಂ, ಮೋಟಾರನ್ನೂ ಸೇರಿಸಿ.

ಹಲವು ಮೋಟಾರುಗಳನ್ನು ಒಟ್ಟಿಗೆ ಹೊತ್ತಿಸುವ ರಾಕೆಟ್ಟಿನಲ್ಲಿ ಹಿಡಿತದ ಪ್ರಶ್ನೆ ಇನ್ನಷ್ಟು ಬಿಗಡಾಯಿಸುತ್ತದೆ. ಒಂದು ಮೋಟಾರ್ ಹೊತ್ತಿಕೊಳ್ಳದೆ ಉಳಿಯಬಹುದು. ಉಳಿದವುಗಳ ಅನಿಲ ಅದನ್ನು ಹಿಂದಿನಿಂದ ಹೊರಗೆಸೆಯಬಹುದು. ಹಾಗೆಯೇ ಕೊಳವೆಗಳ ನಡುವೆ ಮುಚ್ಚದೆ ಬಿಟ್ಟ ಸಂದಿನಿಂದ ಅನಿಲ ಸೋರಿ ಮೂತಿ ಕದಲದೆ ಹೋಗಬಹುದು. ಎರಡು ಹಂತದ ರಾಕೆಟ್ಟಿನಲ್ಲಿ ಕೆಳಗಿನ ಮೋಟಾರಿನ ಮುಂತುದಿಯನ್ನು ಮೇಲಿನದರ ನಾಝಲಿಗೆ ತಾಗಿಸಿ, ಕೂಡುವಲ್ಲಿ ಒಂದೇ ಸುತ್ತು ತೆಳ್ಳನೆಯ ಟೇಪು ಹಾಕುವ ರೂಢಿಯಿದೆ. ಕೆಳಗಿನದು ಉರಿದು ಮುಗಿಯುವಾಗ ಸಿಡಿಯುವ ಕಿಡಿಗಳು ಮೇಲಿನದನ್ನು ಹೊತ್ತಿಸುವವರೆಗೆ ಎರಡೂ ಕೂಡಿಯೇ ಇರಬೇಕು, ಹೊತ್ತಿಕೊಂಡ ಕ್ಷಣ ಬೇರೆಯಾಗಬೇಕು ಎಂಬುದು ಅದರ ಉದ್ದೇಶ.

ಕಪ್ಪುಮದ್ದಿನ ಬದಲು ಅಮೋನಿಯಂ ಪರ್‌ಕ್ಲೋರೇಟ್ ಇಂಧನವಿರುವ ದೊಡ್ಡ ಮೋಟಾರುಗಳಲ್ಲಿ ಸಾಮಾನ್ಯವಾಗಿ ಕವಚದ ಹಿಂತುದಿಗೇ ಒಂದು ಅಂಚು ಇರುತ್ತದೆ. ಅದು ಕೊಳವೆಯ ಹಿಂಬಾಯಿಗೆ ತಾಗಿ ನೂಕುಬಲವನ್ನು ಹೊರುತ್ತದೆ. ಅವುಗಳಿಗೆ ಒಳಗೆ ತಡೆಬಳೆ ಬೇಡ. ಇದ್ದರೆ ಉದ್ದದ ಮೋಟಾರ್ ಒಳಗೆ ಹೋಗುವುದೇ ಇಲ್ಲ. ಹಿಂದಕ್ಕೆ ಜಿಗಿಯದಂತೆ ತಿರುಪಿನ ಮುಚ್ಚಳ ಬೇಕೇ ಬೇಕು. ಅಲ್ಯೂಮಿನಿಯಂ ಕವಚವೊಂದು ಆಕಾಶದಿಂದ ಕಳಚಿ ಬೀಳುವುದು ಯಾರಿಗೂ ಕ್ಷೇಮವಲ್ಲ.

ಇಗ್ನೈಟರನ್ನು, ಅಂದರೆ ವಿದ್ಯುತ್ತಿನಿಂದ ಮೋಟಾರನ್ನು ಹೊತ್ತಿಸುವ ತಂತಿಯನ್ನು, ಮಾತ್ರ ಮನೆಯಿಂದ ಕೂರಿಸಿಕೊಂಡು ಹೋಗಬೇಡಿ. ಅದು ಉಡಾವಣೆಯ ಸ್ಥಳದ ಕೆಲಸ, ವಿದ್ಯುತ್ ಹರಿಸುವ ನಿಯಂತ್ರಕದ ಕೀಲಿ ನಿಮ್ಮ ಜೇಬಿನಲ್ಲಿರುವಾಗ ಮಾಡುವ ಕೆಲಸ. ಅದರ ತುದಿ ಇಂಧನಕ್ಕೆ ತಾಗಿರಬೇಕು, ಎರಡು ತಂತಿಗಳು ಪರಸ್ಪರ ತಾಗಬಾರದು. ಹೊತ್ತಿಕೊಳ್ಳದಿದ್ದರೆ ಕೀಲಿ ತೆಗೆದು 60 ಸೆಕೆಂಡು ಕಾಯುವವರೆಗೆ ಹತ್ತಿರ ಹೋಗಬಾರದು ಎಂದು ಅಮೆರಿಕದ ರಾಷ್ಟ್ರೀಯ ರಾಕೆಟ್ ಸಂಘದ ಸುರಕ್ಷಾ ನಿಯಮ ಹೇಳುತ್ತದೆ. ಎಲ್ಲಿದ್ದರೂ ಪಾಲಿಸತಕ್ಕ ನಿಯಮವದು.

ರಾಕೆಟ್ ಇಳಿದು ಬಂದ ಮೇಲೆ, ಮೋಟಾರ್ ತಣ್ಣಗಾದ ಬಳಿಕ, ಅದನ್ನು ತಿರುಚುತ್ತ ಹೊರಗೆಳೆಯಿರಿ. ಎಸೆಯುವ ಮೊದಲು ಒಮ್ಮೆ ನೋಡಿರಿ. ಹಾರಿಸುವ ಮುನ್ನ ಕೊಳವೆಯ ಅಂಚಿಗೆ ಸರಿಯಾಗಿ ಕವಚದ ಮೇಲೆ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದಿಟ್ಟಿದ್ದರೆ, ಈಗ ಅದು ಎಲ್ಲಿದೆ ಎಂಬುದರಿಂದ ಮೋಟಾರ್ ಎತ್ತ ಸರಿದಿತ್ತು ಎಂದು ತಿಳಿಯುತ್ತದೆ. ಗೆರೆ ಒಂದೆರಡು ಮಿಲಿಮೀಟರ್ ಹೊರಬಂದಿದ್ದರೆ ಟೇಪು ಸಾಲದು ಅಥವಾ ಮೂತಿ ಬಿಗಿ. ಒಳಸೇರಿದ್ದರೆ ತಡೆಬಳೆ ಜಾರಿದೆ, ಮುಂದಿನ ಹಾರಾಟಕ್ಕೆ ಮೊದಲು ಕೊಳವೆಯೊಳಗೆ ದೀಪ ಹಿಡಿದು ಬಳೆಯ ಅಂಟನ್ನು ಪರೀಕ್ಷಿಸಬೇಕು. ನಾನು ಪ್ರತಿ ರಾಕೆಟ್ಟಿಗೂ ಈ ಗೆರೆಯ ಅಳತೆಯನ್ನು ಹಾರಾಟದ ಪುಸ್ತಕದಲ್ಲಿ, ಮೋಟಾರಿನ ಹೆಸರಿನ ಪಕ್ಕದಲ್ಲಿ ಬರೆದಿಡುತ್ತೇನೆ.